ಹೀರೋಗೂ ಒಂದು ತಪ್ಪು ಮಾಡೋಕೆ ಬಿಡ್ರಪ್ಪಾ!

ವಾರ ವಾರವೂ ನಮ್ಮ ಮೇಜಿನ ಮೇಲೆ ಕಥೆಗಳು ಬಂದು ಬೀಳುತ್ತವೆ. ಎಲ್ಲವೂ ಸೂಪರ್ ಹಿಟ್! ಕಳಿಸಿದವರೇ ಹಾಗಂತ ಮೇಲೆ ಬರೆದಿರುತ್ತಾರೆ. ಓದಲು ಕೂತರೆ ಹೀರೋನ ತಾತನ ಮದುವೆಯಿಂದ ಶುರು. ಹೀರೋ ಹುಟ್ಟುವಷ್ಟರಲ್ಲಿ ನನಗೆ ಎರಡು ಟೀ ಆಗಿರುತ್ತದೆ. ಆಮೇಲೆ ತಂಗಿ ಬಂದು, "ಅಣ್ಣಾ, ನಮ್ಮಪ್ಪ ತೀರಿಕೊಂಡು ಹತ್ತು ವರ್ಷ ಆಯ್ತು" ಎನ್ನುತ್ತಾಳೆ. ಪಾಪ, ಅಣ್ಣನಿಗೆ ಗೊತ್ತೇ ಇರಲಿಲ್ಲವೇನೋ! ಹೋಗಲಿ ಬಿಡಿ, ಇಂಥವಕ್ಕೆ ಕತ್ತರಿ ಇದೆ. ಕತ್ತರಿಗೂ ಬಗ್ಗದ ತಪ್ಪು ಒಂದಿದೆ.

ಮೊನ್ನೆ ಚಿತ್ರದುರ್ಗದ ಕಡೆಯ ಹುಡುಗನೊಬ್ಬ ಇನ್ನೂರು ಪುಟದ ನೋಟ್‌ಬುಕ್ ಹಿಡಿದು ಬಂದ. ಗಾಂಧಿನಗರದಲ್ಲಿ ಮೂರು ದಿನ ಮೆಟ್ಟಿಲು ಹತ್ತಿ ಇಳಿದು ಕೊನೆಗೆ ನನ್ನ ಹತ್ತಿರ. ಅವನ ಹೀರೋ ಸುಳ್ಳು ಹೇಳುವುದಿಲ್ಲ. ಪರೀಕ್ಷೆಯಲ್ಲಿ ಫಸ್ಟ್. ಇಪ್ಪತ್ತು ಜನಕ್ಕೆ ಒಬ್ಬನೇ ಒದೆಯುತ್ತಾನೆ, ತಲೆಕೂದಲು ಕೆದರುವುದಿಲ್ಲ!

"ಇವನಿಗೆ ಬೇಕಾದ್ದಾದರೂ ಏನಪ್ಪಾ?" ಅಂದೆ.

"ಏನೂ ಬೇಡ ಸಾರ್, ದೇವರಂಥವನು."

ಅಲ್ಲೇ ಸ್ವಾಮಿ ಕಥೆ ಸತ್ತಿದ್ದು!

"ತಮ್ಮಾ, ನಿಮ್ಮೂರ ಕೋಟೆಯಲ್ಲೇ ತೆಗೆದ 'ನಾಗರಹಾವು' ನೋಡಿದ್ದೀಯಾ?" ಅಂದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದ ಚಿತ್ರ. ವಿಷ್ಣುವರ್ಧನ್ ಹೀರೋ ಆಗಿ ನಿಂತ ಮೊದಲ ಚಿತ್ರ. ಆ ರಾಮಾಚಾರಿ ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬೀಳುತ್ತಾನೆ! ಆ ಸಿಟ್ಟಿಗೆ ರಾತ್ರೋರಾತ್ರಿ ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟಿಹಾಕುತ್ತಾನೆ. ತಾತನ ಮದುವೆ ಇಲ್ಲ, ಜಾತಕ ಇಲ್ಲ. ಆದರೂ ಇವನು ಎಂಥವನು ಅಂತ ನಮಗೆ ಗೊತ್ತಾಗಿಹೋಯ್ತು. ಇನ್ನು ಚಾಮಯ್ಯ ಮೇಷ್ಟ್ರು? ಅಶ್ವತ್ಥ್ ಮಾಡಿದ ಆ ಪಾತ್ರಕ್ಕಿಂತ ಒಳ್ಳೆಯವರು ಬೇಕೇ? ಅವರೇ ಶಿಷ್ಯನ ಕೈಲಿ ಪ್ರೀತಿ ಬಿಡಿಸುತ್ತಾರೆ. ಒಳ್ಳೆಯದಾಗಲಿ ಅಂತಲೇ ಬಿಡಿಸುತ್ತಾರೆ. ಅಲಮೇಲು ಬಾಳು ಹಾಳಾಗುತ್ತದೆ, ಕೊನೆಗೆ ಮೇಷ್ಟ್ರೂ ಉಳಿಯುವುದಿಲ್ಲ. ವಿಲನ್ ಯಾರು ಹೇಳಿ ನೋಡೋಣ!

ದೊಡ್ಡ ಪಾತ್ರವೇ ಆಗಬೇಕೆಂದಿಲ್ಲ. 1974ರ 'ಭೂತಯ್ಯನ ಮಗ ಅಯ್ಯು' ಚಿತ್ರದ ಲೋಕನಾಥ್ ಉಪ್ಪಿನಕಾಯಿಯನ್ನು ಜನ ಇಂದಿಗೂ ಮರೆತಿಲ್ಲ. ಆ ಮನುಷ್ಯನಿಗೆ ಏನೋ ಒಂದು ಬೇಕಿತ್ತು. ಹಾಳು ನಾಲಿಗೆ ಚಪಲ, ಅಷ್ಟೇ!

ಹುಡುಗ ಸುಮ್ಮನೆ ಕೂತಿದ್ದ. ಮುಖ ಬಾಡಿತ್ತು. ಕೆಳಗಿನ ಹೋಟೆಲಿಗೆ ಕರೆದುಕೊಂಡು ಹೋಗಿ ದೋಸೆ ಕೊಡಿಸಿದೆ. ತಿನ್ನುವ ರಭಸ ನೋಡಿಯೇ ಕೇಳಿದೆ, "ಮನೇಲಿ ಹೇಳಿ ಬಂದಿದ್ದೀಯೇನೋ?"

ತಲೆ ಎತ್ತಲಿಲ್ಲ. ಅಪ್ಪ ಗೊಬ್ಬರಕ್ಕೆಂದು ಟ್ರಂಕಿನಲ್ಲಿ ಇಟ್ಟಿದ್ದ ನಾಲ್ಕು ಸಾವಿರ ರೂಪಾಯಿ ತೆಗೆದುಕೊಂಡು ಬಂದಿದ್ದಾನೆ. ಅಪ್ಪ ಮನೆಯವರನ್ನೆಲ್ಲ ಬಿಟ್ಟು ಆಳಿನ ಮೇಲೆ ಅನುಮಾನ ಪಟ್ಟಿದ್ದಾರಂತೆ. ತಂಗಿ ಫೋನ್ ಮಾಡಿ ಹೇಳಿದಳಂತೆ. ಆವತ್ತಿನಿಂದ ಮೊಬೈಲ್ ಆಫ್.

ನನ್ನ ಕೈಲಿದ್ದ ಲೋಟ ಹಾಗೇ ನಿಂತಿತು. "ಅಯ್ಯೋ ಮಾರಾಯ, ಕಥೆ ಇಲ್ಲಿದೆಯಲ್ಲೋ! ಇದನ್ನು ಯಾಕೆ ಬರೀಲಿಲ್ಲ?"

ಅವನು ಗಾಬರಿಯಾಗಿ ನೋಡಿದ. "ಛೆ ಛೆ! ಅದರಲ್ಲಿ ಹೀರೋ ಕಳ್ಳ ಆಗ್ತಾನಲ್ಲ ಸಾರ್!"

"ಆಗಲಿ. ಊರಿಗೆ ಹೋಗು. ಮೊದಲು ಆ ಆಳಿನ ವಿಷಯ ಸರಿಮಾಡು. ಬಾಗಿಲು ತೆಗೆದಾಗ ನಿಮ್ಮಪ್ಪ ಏನಂದರು, ನೀನು ಏನಂದೆ, ಅಷ್ಟೇ ಬರೆದು ಕಳಿಸು. ಎಂಟು ಪುಟ ಸಾಕು."

ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿಸಿದೆ. ಕಿಟಕಿ ಪಕ್ಕ ಕೂತು ಮೊಬೈಲ್ ಆನ್ ಮಾಡಿದ. ಒಂದು ನಿಮಿಷ ನೋಡಿದ. ಮತ್ತೆ ಆಫ್ ಮಾಡಿ ಜೇಬಿಗೆ ಹಾಕಿಕೊಂಡ.

ಆ ಎಂಟು ಪುಟ ಇನ್ನೂ ಬಂದಿಲ್ಲ. ದಪ್ಪ ನೋಟ್‌ಬುಕ್ ಮಾತ್ರ ನನ್ನ ಮೇಜಿನ ಮೇಲೇ ಇದೆ, ಮರೆತು ಹೋದನೋ, ಬಿಟ್ಟು ಹೋದನೋ!