ಅಳತೆಯ ಪಾಠವೂ ಮೂರಡಿ ಗುಂಡಿಯೂ

1994ರ ಬೇಸಿಗೆಯ ಒಂದು ಮಧ್ಯಾಹ್ನ. ಬಸ್ಸಿಗಾಗಿ ಕಾಯುತ್ತ ನಿಂತಿದ್ದ ನನ್ನ ಬಳಿಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದು ನಮಸ್ಕರಿಸಿದ. ಏಳನೆಯ ತರಗತಿಯ ಪರೀಕ್ಷೆಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕಗಳನ್ನೇ ಪಡೆದಿದ್ದ ಹುಡುಗ. ಬಡತನದಿಂದ ಓದು ಮುಂದುವರಿಯಲಿಲ್ಲ. ನಾಲ್ಕಾರು ಆಳುಗಳನ್ನು ಕಟ್ಟಿಕೊಂಡು ತೋಟಗಳಲ್ಲಿ ಗುಂಡಿ ತೆಗೆಯುವ ಗುತ್ತಿಗೆ ಹಿಡಿಯುತ್ತಿದ್ದ. ಮುಖ ಬಾಡಿತ್ತು. ಕೇಳಿದಾಗ ಕಥೆ ಹೊರಬಂದಿತು.

ಹಿಂದಿನ ವರ್ಷ ಒಬ್ಬರ ತೋಟದಲ್ಲಿ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿಗಳನ್ನು ತೆಗೆದಿದ್ದನಂತೆ. ಗುಂಡಿಗೆ ಎಂಟು ರೂಪಾಯಿ. ಅದರಲ್ಲಿ ಕೈಗೆ ನಾಲ್ಕು ಕಾಸು ಉಳಿದಿತ್ತು. ಈ ವರ್ಷ ಅದೇ ಯಜಮಾನರು ತೆಂಗಿನ ಸಸಿಗೆಂದು ಮೂರಡಿಯ ಗುಂಡಿ ಕೇಳಿದರು. "ಎರಡಕ್ಕೆ ಎಂಟಾದರೆ ಮೂರಕ್ಕೆ ಹನ್ನೆರಡು, ಸರಿಯಲ್ಲವೇ ಸಾರ್? ನೂರು ಗುಂಡಿ ಒಪ್ಪಿಕೊಂಡುಬಿಟ್ಟೆ" ಎಂದ. ಮೂವತ್ತು ಗುಂಡಿ ಮುಗಿಯುವಷ್ಟರಲ್ಲಿ ಏನೋ ಎಡವಟ್ಟಾಗಿದೆ ಎಂದು ತಿಳಿದಿತ್ತು. ಆದರೆ ಆಡಿದ ಮಾತು. ಹೆಂಡತಿಯ ಓಲೆಯನ್ನು ಗಿರವಿ ಇಟ್ಟು ಆಳುಗಳ ಕೂಲಿ ತೀರಿಸಿದ್ದ.

ಎರಡಡಿ ಗುಂಡಿಯಿಂದ ಹೊರಬರುವ ಮಣ್ಣು 8 ಘನ ಅಡಿ. ಮೂರಡಿ ಗುಂಡಿಯದು 27 ಘನ ಅಡಿ. ಹಳೆಯ ದರದಲ್ಲೇ ಲೆಕ್ಕ ಹಾಕಿದರೂ ಗುಂಡಿಗೆ 27 ರೂಪಾಯಿ ಬರಬೇಕಿತ್ತು. ನೂರು ಗುಂಡಿಗೆ ಒಂದೂವರೆ ಸಾವಿರ ರೂಪಾಯಿಯ ನಷ್ಟ. ನಾನು ಅಲ್ಲಿಯೇ ನಿಂತು, "ಘನಫಲದ ಸೂತ್ರ ನೆನಪಿದೆಯೇನಪ್ಪಾ?" ಎಂದು ಕೇಳಿದೆ. "ಉದ್ದ ಗುಣಿಸು ಅಗಲ ಗುಣಿಸು ಎತ್ತರ" ಎಂದು ತಡವರಿಸದೆ ಹೇಳಿದ. ಆಮೇಲೆ ಸಂಕೋಚದಿಂದ, "ಅದು ಪುಸ್ತಕದ್ದು ಸಾರ್, ಇದು ಗುಂಡಿ" ಎಂದ.

ಈ ಮಾತನ್ನು ನಾನು ಮೂವತ್ತು ವರ್ಷಗಳಿಂದ ಹೊತ್ತು ತಿರುಗುತ್ತಿದ್ದೇನೆ. ಅವನಿಗೆ ಆ ಸೂತ್ರವನ್ನು ಬಾಯಿಪಾಠ ಮಾಡಿಸಿದವನು ನಾನೇ. ಅವನ ಉತ್ತರಪತ್ರಿಕೆಗೆ ಕೆಂಪು ಶಾಯಿಯಲ್ಲಿ 'ಸರಿ' ಗುರುತು ಹಾಕಿದವನೂ ನಾನೇ.

ಪ್ರಾಥಮಿಕ ಶಾಲೆಯಲ್ಲಿ ಅಳತೆಯ ಪಾಠವೆಂದರೆ ಇಂದಿಗೂ ಬಹುಮಟ್ಟಿಗೆ ಪರಿವರ್ತನೆಯ ಪಾಠ. 10 ಮಿಲಿಮೀಟರಿಗೆ 1 ಸೆಂಟಿಮೀಟರು, 100 ಸೆಂಟಿಮೀಟರಿಗೆ 1 ಮೀಟರು, 1000 ಮೀಟರಿಗೆ 1 ಕಿಲೋಮೀಟರು. ಮೇಲಿನಿಂದ ಕೆಳಗೆ ಇಳಿಯುವಾಗ ಗುಣಿಸು, ಕೆಳಗಿನಿಂದ ಮೇಲೆ ಹತ್ತುವಾಗ ಭಾಗಿಸು. 'ಕಿಲೋ ಹೆಕ್ಟೋ ಡೆಕಾ' ಎಂದು ಮಗ್ಗಿಯಂತೆ ಕೂಗಿಸಿದ್ದೇವೆ. (ಹೆಕ್ಟೋಮೀಟರಿನಲ್ಲಿ ಏನನ್ನಾದರೂ ಅಳೆದ ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ.) ಇದು ಅಳತೆಯಲ್ಲ, ಸೊನ್ನೆ ಸೇರಿಸುವ, ತೆಗೆಯುವ ಕಸರತ್ತು. ನನ್ನ ಮೊಮ್ಮಗಳು ಇಂತಹ ಇಪ್ಪತ್ತು ಲೆಕ್ಕಗಳನ್ನು ಹತ್ತು ನಿಮಿಷದಲ್ಲಿ ತಪ್ಪಿಲ್ಲದೆ ಮಾಡಿ ಮುಗಿಸಿದಳು. "ಪುಟ್ಟೀ, ನಮ್ಮ ಈ ನಡುಮನೆ ಎಷ್ಟು ಉದ್ದವಿರಬಹುದು?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ನೂರು ಮೀಟರ್, ತಾತ" ಎಂದಳು.

ಅಳೆಯುವುದೆಂದರೇನು? ಒಂದು ತುಂಡನ್ನು ಮಾನವೆಂದು ಆರಿಸಿಕೊಳ್ಳಬೇಕು. ಅದನ್ನು ನಡುವೆ ಸಂದು ಬಿಡದಂತೆ, ಒಂದರ ಮೇಲೊಂದು ಏರದಂತೆ ವಸ್ತುವಿನ ಉದ್ದಕ್ಕೂ ಇಡುತ್ತ ಹೋಗಬೇಕು. ಎಷ್ಟು ಸಲ ಇಟ್ಟೆವು ಎಂಬುದನ್ನು ಎಣಿಸಬೇಕು. ಉದ್ದಕ್ಕೂ ಇದೇ, ವಿಸ್ತೀರ್ಣಕ್ಕೂ ಇದೇ, ಗುಂಡಿಗೂ ಇದೇ. ದೊಡ್ಡವರಾದ ನಮಗೆ ಇದು ತೀರ ಸಾಮಾನ್ಯವೆನ್ನಿಸುವುದರಿಂದ ಹೇಳಿಕೊಡಬೇಕಾದ ಸಂಗತಿಯೆಂದೇ ತೋರುವುದಿಲ್ಲ. ಆದರೆ ಎರಡನೆಯ ತರಗತಿಯ ಮಗುವಿಗೆ ಇದು ಸಾಮಾನ್ಯವಲ್ಲ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಾಡಿ ತೋರಿಸಿದ ಪ್ರಯೋಗವನ್ನು ಶಿಕ್ಷಕರ ತರಬೇತಿಯಲ್ಲಿ ಎಲ್ಲರೂ ಓದಿರುತ್ತೇವೆ: ಅಗಲವಾದ ಪಾತ್ರೆಯ ನೀರನ್ನು ಮಗುವಿನ ಕಣ್ಣೆದುರೇ ಕಿರಿದಾದ ಎತ್ತರದ ಲೋಟಕ್ಕೆ ಸುರಿದರೆ, ಚಿಕ್ಕ ಮಕ್ಕಳು ನೀರು ಹೆಚ್ಚಾಯಿತು ಎನ್ನುತ್ತಾರೆ. ಓದಿ, ಪರೀಕ್ಷೆಯಲ್ಲಿ ಬರೆದು, ಮರೆತಿರುತ್ತೇವೆ. ನಾನು ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾದ ಮೇಲೆ ಒಂದು ದಿನ ಚೊಂಬು, ಲೋಟ, ರಾಗಿ ತಂದು ನನ್ನ ಎರಡನೆಯ ತರಗತಿಯಲ್ಲೇ ಇದನ್ನು ಮಾಡಿನೋಡಿದೆ. ಅರ್ಧ ತರಗತಿ ಲೋಟದಲ್ಲೇ ಹೆಚ್ಚು ರಾಗಿ ಇದೆಯೆಂದು ಗಟ್ಟಿಯಾಗಿ ಕೂಗಿತು. ಅದೇ ಮಕ್ಕಳಿಗೆ ಹಿಂದಿನ ವಾರ ನಾನು '1000 ಮಿಲಿಲೀಟರ್ = 1 ಲೀಟರ್' ಬರೆಸಿದ್ದೆ.

ಅಳತೆಪಟ್ಟಿಯ ವಿಷಯವೂ ಹೀಗೆಯೇ. ಪೆನ್ಸಿಲಿನ ತುದಿಯನ್ನು ಸೊನ್ನೆಗೆ ಇಡಬೇಕು ಎಂದು ಹೇಳುತ್ತೇವೆ, ಏಕೆಂದು ಹೇಳುವುದಿಲ್ಲ. ಓದುಗರಲ್ಲಿ ಶಿಕ್ಷಕರಿದ್ದರೆ ಒಂದು ಚಿಕ್ಕ ಪರೀಕ್ಷೆ ಮಾಡಿನೋಡಬಹುದು. ಪಟ್ಟಿಯ 3ನೆಯ ಗೆರೆಯಿಂದ 9ನೆಯ ಗೆರೆಯವರೆಗೆ ಬರುವಂತೆ ಒಂದು ಕಡ್ಡಿಯನ್ನು ಇಟ್ಟು ಅದರ ಉದ್ದ ಕೇಳಿ. ಕೆಲವರು 9 ಎನ್ನುವರು. ತುದಿಯಲ್ಲಿ ಕಾಣುವ ಅಂಕಿಯೇ ಉದ್ದವೆಂದು ಅವರು ತಿಳಿದಿದ್ದಾರೆ. ಇನ್ನು ಕೆಲವರು 3, 4, 5 ಎಂದು ಬೆರಳಿಟ್ಟು ಗೆರೆಗಳನ್ನು ಎಣಿಸಿ 7 ಎನ್ನುವರು. 7 ಎಂದವರನ್ನು ದಡ್ಡರೆನ್ನಬೇಡಿ. ಅವರಿಗೆ ಏನನ್ನೋ ಎಣಿಸಬೇಕು ಎಂಬುದಾದರೂ ಗೊತ್ತಿದೆ. ಎಣಿಸಬೇಕಾದದ್ದು ಗೆರೆಗಳನ್ನಲ್ಲ, ಗೆರೆಗಳ ನಡುವಿನ ತುಂಡುಗಳನ್ನು ಎಂಬುದನ್ನು ನಾವು ಹೇಳಿಲ್ಲ, ಅಷ್ಟೆ. ಬೆಂಕಿಪೊಟ್ಟಣದ ಉದ್ದವನ್ನೇ ಮಾನವಾಗಿ ಹಿಡಿದು ರಟ್ಟಿನ ಪಟ್ಟಿಯ ಮೇಲೆ ಮಕ್ಕಳೇ ಗುರುತು ಹಾಕಿ ತಮ್ಮದೊಂದು ಅಳತೆಪಟ್ಟಿ ಮಾಡಿಕೊಂಡರೆ ಈ ತೊಡಕು ಬಹುಪಾಲು ತಾನಾಗಿಯೇ ಕಳಚುತ್ತದೆ. ತಾವೇ ಮಾಡಿದ ಪಟ್ಟಿಯಲ್ಲಿ ಮೊದಲ ಅಂಕಿ ಎಲ್ಲಿ ಬರಬೇಕೆಂದು ಅವರು ಜಗಳವಾಡುವುದನ್ನು ಕೇಳುವುದೇ ಒಂದು ಸುಖ.

ಈಗಿನ ಪಠ್ಯಪುಸ್ತಕಗಳು ನಮ್ಮ ಕಾಲದವಕ್ಕಿಂತ ಎಷ್ಟೋ ಮೇಲು ಎಂಬುದನ್ನು ಒಪ್ಪಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ನಮ್ಮಂತಹ ಹಳಬರ ಕಣ್ಣನ್ನೂ ತೆರೆಸಿತು. ಗೇಣು, ಮೊಳ, ಹೆಜ್ಜೆಗಳಿಂದ ಅಳೆಯುವ ಚಟುವಟಿಕೆಗಳು ಪುಸ್ತಕಕ್ಕೂ ಬಂದಿವೆ. ಆದರೆ ಇದೂ ಒಂದು ಶಾಸ್ತ್ರವಾಗಿಬಿಟ್ಟಿರುವುದನ್ನು ಕಂಡಿದ್ದೇನೆ. ಮೇಜನ್ನು ಗೇಣಿನಿಂದ ಅಳೆಯಲು ಹೇಳುತ್ತಾರೆ. ಒಬ್ಬನಿಗೆ 8, ಇನ್ನೊಬ್ಬಳಿಗೆ 9, ಮತ್ತೊಬ್ಬನಿಗೆ ಏಳೂವರೆ ಬರುತ್ತದೆ. ಮೇಷ್ಟರು ಹಲಗೆಯ ಮೇಲೆ 'ಮೇಜಿನ ಉದ್ದ 8 ಗೇಣು' ಎಂದು ಬರೆದು ಮುಂದಿನ ಪುಟಕ್ಕೆ ಹೋಗುತ್ತಾರೆ. ನಿಜವಾದ ಪಾಠ ಆರಂಭವಾಗಬೇಕಾಗಿದ್ದುದೇ ಉತ್ತರಗಳು ಬೇರೆ ಬೇರೆಯಾದ ಆ ಗಳಿಗೆಯಲ್ಲಿ.

ಪರರನ್ನು ಆಕ್ಷೇಪಿಸುವ ಮುನ್ನ ನನ್ನದನ್ನೇ ಹೇಳಿಬಿಡುತ್ತೇನೆ. 1980ರ ದಶಕದ ಮಾತು. 'ಎರಡು ಗೇಣಿಗೆ ಒಂದು ಮೊಳ' ಎಂದು ಹಲಗೆಯ ಮೇಲೆ ಬರೆದಿದ್ದೆ. ಹೂ ಮಾರುವವರ ಮನೆಯ ಹುಡುಗಿಯೊಬ್ಬಳು ಎದ್ದುನಿಂತು, "ಯಾರ ಮೊಳ ಸಾರ್?" ಎಂದಳು. ನನಗೆ ಅರ್ಥವಾಗಲಿಲ್ಲ. "ನಮ್ಮವ್ವ ಹೂವ ಅಳೆದ್ರೆ ಯಾರೂ ಮಾತಾಡಲ್ಲ. ನಮ್ಮಕ್ಕ ಅಳೆದ್ರೆ ಗಿರಾಕಿಗಳು ಜಗಳ ಆಡ್ತಾರೆ. ಅಕ್ಕನ ಕೈ ಚಿಕ್ಕದು" ಎಂದಳು. ತರಗತಿ ನಕ್ಕಿತು. ಅಧಿಕಪ್ರಸಂಗವೆಂದು ಗದರಿಸಿ, ಪಾಠ ಮುಗಿಯುವವರೆಗೆ ನಿಲ್ಲಿಸಿದೆ.

ಆ ಮಗು ಕೇಳಿದ ಪ್ರಶ್ನೆ ಎಂತಹುದು! ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ವಿದ್ವಾಂಸರನ್ನು ಮೀಟರಿನತ್ತ ನಡೆಸಿದ್ದು ಇದೇ ಪ್ರಶ್ನೆ. ಯಾವ ಅರಸನ ಕೈಗೂ, ಯಾವ ಊರಿನ ರೂಢಿಗೂ ಸೇರದ ಮಾನವೊಂದು ಬೇಕೆಂದು ಅವರು ಭೂಮಿಯನ್ನೇ ಅಳೆಯಲು ಹೊರಟರು. ನಮ್ಮ ದೇಶದಲ್ಲಿಯೂ ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮವಿರಲಿಲ್ಲ. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆ ಬಂದು, 1957ರ ಏಪ್ರಿಲಿನಿಂದ ನಯಾ ಪೈಸೆ, 1958ರಿಂದ ಹಂತಹಂತವಾಗಿ ಕಿಲೋಗ್ರಾಂ, ಮೀಟರುಗಳು ಬಳಕೆಗೆ ಬಂದವು. ನಾನು ಆಗ ಚಿಕ್ಕ ಹುಡುಗ. ಒಂದಾಣೆಗೆ ಆರು ನಯಾ ಪೈಸೆಯೆಂದು ಅಂಗಡಿಯವರು ಕೊಡುತ್ತಿದ್ದರು. ಲೆಕ್ಕದ ಪ್ರಕಾರ ಆರೂಕಾಲು. ಆ ಕಾಲು ಪೈಸೆ ಎಲ್ಲಿ ಹೋಯಿತೆಂದು ನನ್ನ ಅಜ್ಜಿ ಬಹುಕಾಲ ಗೊಣಗುತ್ತಿದ್ದಳು. ಇಷ್ಟೆಲ್ಲ ಚರಿತ್ರೆ ಇರುವ ಪ್ರಶ್ನೆಯನ್ನು ಎಂಟು ವರ್ಷದ ಹುಡುಗಿ ತನ್ನ ಮನೆಯ ಜಗುಲಿಯಿಂದ ಎತ್ತಿ ತಂದಿದ್ದಳು. ನಾನು ಅದನ್ನು ನಿಲ್ಲಿಸಿ ಶಿಕ್ಷಿಸಿದೆ. ಮತ್ತೆಂದೂ ಅವಳು ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಿದ್ದು ನೆನಪಿಲ್ಲ.

ವಿಸ್ತೀರ್ಣ ಮತ್ತು ಸುತ್ತಳತೆಗಳ ಗೊಂದಲವನ್ನು ಎಲ್ಲ ಶಿಕ್ಷಕರೂ ಬಲ್ಲರು. ಸೂತ್ರಗಳೆರಡೂ ಒಂದೇ ವಾರದಲ್ಲಿ ಬರುವುದರಿಂದ ಮಕ್ಕಳ ತಲೆಯಲ್ಲಿ ಕಲಸಿಕೊಳ್ಳುತ್ತವೆ. ಮಕ್ಕಳ ಮಾತು ಬಿಡಿ. ನಿವೇಶನ ಕೊಳ್ಳುವ ದೊಡ್ಡವರೂ ಬೇಲಿಯ ಉದ್ದ ಒಂದೇ ಆಗಿದ್ದರೆ ಜಾಗವೂ ಒಂದೇ ಎಂದು ನಂಬುವುದುಂಟು. 140 ಅಡಿಯ ಹಗ್ಗವೊಂದನ್ನು ಮೈದಾನಕ್ಕೆ ಒಯ್ಯಿರಿ. ಎಲ್ಲರೂ ಬಲ್ಲ ತರ್ಟಿ-ಫಾರ್ಟಿ ಸೈಟನ್ನು ಅದರಿಂದ ಸುತ್ತಿದರೆ ಒಳಗಿನ ಜಾಗ 1200 ಚದರಡಿ. ಅದೇ ಹಗ್ಗವನ್ನು 20 ಮತ್ತು 50ಕ್ಕೆ ಎಳೆದರೆ 1000. ಎರಡೂ ಬದಿ 35 ಮಾಡಿದರೆ 1225. ಹಗ್ಗದ ಎರಡು ಬದಿಗಳನ್ನು ಹತ್ತಿರ ತರುತ್ತ 65 ಮತ್ತು 5 ಮಾಡಿದಾಗ ಒಳಗೆ ನಿಂತಿದ್ದ ಮಕ್ಕಳು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಜಾಗ ಬರಿಯ 325 ಚದರಡಿ! ಹಗ್ಗ ಒಂದಂಗುಲವೂ ಕಡಿಮೆಯಾಗಿಲ್ಲ. ಆಮೇಲೆ ಅವರಿಗೆ ಗುಂಟೆಯನ್ನು ತೋರಿಸಬಹುದು. 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1089 ಚದರಡಿ; ಅಂತಹ ನಲವತ್ತು ಸೇರಿದರೆ ಒಂದು ಎಕರೆ. ಪಹಣಿಯಲ್ಲಿ ಎಕರೆ-ಗುಂಟೆಗಳನ್ನು ಓದಬಲ್ಲ ಮಗು ಮನೆಯವರಿಗೂ ಉಪಕಾರಿ.

ಕಾಲದ ಅಳತೆಯ ಬಗ್ಗೆ ಒಂದೇ ಮಾತು. ದಶಮಾಂಶವನ್ನು ಕಲಿತ ಮಗು 3.5 ಗಂಟೆಯನ್ನು ಮೂರು ಗಂಟೆ ಐವತ್ತು ನಿಮಿಷವೆಂದು ಓದಿದರೆ ಅದು ಅಜಾಗರೂಕತೆಯಲ್ಲ. ರೂಪಾಯಿ, ಮೀಟರುಗಳಲ್ಲಿ ನಾವು ಮಾಡಿಸಿದ ಅಭ್ಯಾಸದ ಫಲ.

ಇದನ್ನೆಲ್ಲ ಮಾಡಲು ಸಮಯವೆಲ್ಲಿದೆ, ಸಾಮಗ್ರಿ ಎಲ್ಲಿದೆ, ಒಬ್ಬ ಶಿಕ್ಷಕ ಮೂರು ತರಗತಿ ನೋಡಬೇಕು ಎಂದು ಕಿರಿಯ ಮಿತ್ರರು ಹೇಳುತ್ತಾರೆ. ಸುಳ್ಳಲ್ಲ. ಒಂದು ವರ್ಷ ನಾನು ಅಳತೆಯಲ್ಲೇ ತೊಡಗಿ ಭಿನ್ನರಾಶಿಯ ಪಾಠ ಮುಗಿಸದೆ, ತಪಾಸಣೆಗೆ ಬಂದ ಅಧಿಕಾರಿಯೊಬ್ಬರಿಂದ ಬರಹದಲ್ಲಿ ಆಕ್ಷೇಪ ಪಡೆದಿದ್ದೇನೆ. ಆದರೆ ಸಾಮಗ್ರಿ ಇಲ್ಲವೆಂಬ ಮಾತನ್ನು ಒಪ್ಪಲಾರೆ. ಬಿಸಿಯೂಟದ ಅಡುಗೆಮನೆ ಶಾಲೆಯ ಅಂಗಳದಲ್ಲೇ ಇದೆ. ಕಿರಿಯ ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, ಹಿರಿಯ ಪ್ರಾಥಮಿಕಕ್ಕೆ 150 ಗ್ರಾಂ ಧಾನ್ಯವೆಂದು ನಿಗದಿಯಾಗಿದೆ. ಇಂದು ಹಾಜರಿ 63 ಎಂದಾದರೆ ಕಿರಿಯ ತರಗತಿಗಳಿಗೆ 6 ಕಿಲೋ 300 ಗ್ರಾಂ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು ಮಗುವಿಗೆ 150 ಮಿಲಿಲೀಟರು. 80 ಮಕ್ಕಳಿಗೆ 12 ಲೀಟರು. ಪ್ರತಿದಿನ ನಾಲ್ವರು ಮಕ್ಕಳು ಅಡುಗೆಯವರ ಜೊತೆ ನಿಂತು ಮೊದಲು ಕಣ್ಣಂದಾಜಿನಲ್ಲಿ ಹೇಳಿ, ಬಳಿಕ ತೂಗಿ, ಎಷ್ಟು ತಪ್ಪಿತೆಂದು ಬರೆದಿಡಲಿ. ನಿವೃತ್ತಿಗೆ ಮುಂಚಿನ ಮೂರು ವರ್ಷ, ಎಂದರೆ 2008ರವರೆಗೆ, ಅಕ್ಕಿಯನ್ನು ಹೀಗೆ ತೂಗಿಸಿದ್ದೇನೆ. ಕೊನೆಕೊನೆಗೆ ಐದನೆಯ ತರಗತಿಯ ಮಕ್ಕಳ ಅಂದಾಜು ಅರ್ಧ ಕಿಲೋ ಕೂಡ ತಪ್ಪುತ್ತಿರಲಿಲ್ಲ. ಅಡುಗೆಯಾಕೆ ಮೊದಮೊದಲು ತನ್ನ ಮೇಲೆ ಕಾವಲು ಇಟ್ಟಿದ್ದೇನೆಂದು ಮುನಿಸಿಕೊಂಡಿದ್ದರು. ಆಮೇಲೆ ಅವರೇ, ಒಂದು ಲೀಟರ್ ಎಣ್ಣೆಯ ಪೊಟ್ಟಣದ ಮೇಲೆ 910 ಗ್ರಾಂ ಎಂದೇಕೆ ಅಚ್ಚುಹಾಕಿದ್ದಾರೆ, ಉಳಿದ ತೊಂಬತ್ತು ಗ್ರಾಂ ಯಾರು ತಿಂದರು ಎಂದು ಮಕ್ಕಳನ್ನು ಕೇಳಿದರು. ಲೀಟರಿಗೂ ಕಿಲೋಗೂ ಇರುವ ಭೇದವನ್ನು ಆ ಪೊಟ್ಟಣಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆನಾಗಿದ್ದೆ.

ತಕ್ಕಡಿಯಂತೂ ಕಣ್ಮರೆಯಾಗುತ್ತಿದೆ. ಈಗಿನ ವಿದ್ಯುನ್ಮಾನ ಯಂತ್ರ ಅಂಕಿಯನ್ನು ತೋರಿಸುತ್ತದೆ, ತೂಗುವುದನ್ನು ತೋರಿಸುವುದಿಲ್ಲ. ಎರಡು ತೆಂಗಿನ ಚಿಪ್ಪು, ಒಂದು ಕೋಲು, ಮೂರು ಮೊಳ ದಾರ ಇದ್ದರೆ ತಕ್ಕಡಿ ಸಿದ್ಧ. ಪ್ರತಿ ಮಗುವೂ ಒಮ್ಮೆಯಾದರೂ ಅದನ್ನು ಮಾಡಬೇಕು. (ಯಾರ ಮೊಳ ಎಂದು ಅವರು ಕೇಳಲಿ.)

ಗುಂಡಿಯ ಹುಡುಗನನ್ನು ಕಂಡ ಮೇಲೆ ನಾನು ಮಾಡಿಸಿದ ಇನ್ನೊಂದು ವಸ್ತು ಹನ್ನೆರಡು ಬಿದಿರುಗಳುಗಳ ಒಂದು ಚೌಕಟ್ಟು. ಒಂದೊಂದು ಗಳುವೂ ಒಂದು ಮೀಟರು. ಮೂಲೆಗಳನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿದರೆ ಒಂದು ಘನಮೀಟರಿನ ಪೆಟ್ಟಿಗೆ ಎದ್ದು ನಿಲ್ಲುತ್ತಿತ್ತು. ಇದು ತುಂಬಲು ಎಷ್ಟು ಲೀಟರ್ ನೀರು ಬೇಕೆಂದು ಕೇಳಿದರೆ ಮಕ್ಕಳು ನೂರು, ಹೆಚ್ಚೆಂದರೆ ಇನ್ನೂರು ಎನ್ನುತ್ತಿದ್ದರು. ಸಾವಿರವೆಂದರೆ ನಂಬುತ್ತಿರಲಿಲ್ಲ. ಹತ್ತು ಸೆಂಟಿಮೀಟರಿನ ರಟ್ಟಿನ ಡಬ್ಬಗಳನ್ನು ತಳದ ಒಂದು ಅಂಚಿಗೆ ಹತ್ತು ಜೋಡಿಸಿ, ಅಂತಹ ಸಾಲುಗಳು ಹತ್ತು ಎಂದು ಎಣಿಸಿ, ಅಂತಹ ಅಂತಸ್ತುಗಳು ಹತ್ತು ಎಂದು ಕೈ ಮೇಲೆತ್ತಿ ತೋರಿಸುವಾಗ ಯಾರಾದರೊಬ್ಬರು "ಓ!" ಎನ್ನುತ್ತಿದ್ದರು. ನಂತರ ಎರಡಡಿಯ ಗುಂಡಿಗೆ ಎಂಟು ರೂಪಾಯಿಯಾದರೆ ಮೂರಡಿಯ ಗುಂಡಿಗೆ ಎಷ್ಟು ಎಂದು ಕೇಳುತ್ತಿದ್ದೆ. ಆ ಚೌಕಟ್ಟನ್ನು ನಿವೃತ್ತಿಯ ದಿನ ಶಾಲೆಯಲ್ಲೇ ಬಿಟ್ಟುಬಂದೆ. ಕಳೆದ ವರ್ಷ ಹೋದಾಗ ಗಳುಗಳು ಹಿತ್ತಿಲಿನಲ್ಲಿ ಹೀರೆಬಳ್ಳಿಗೆ ಚಪ್ಪರವಾಗಿದ್ದವು. ಬಿದಿರೇನೂ ಕೆಟ್ಟಿರಲಿಲ್ಲ, ಎರಡನ್ನು ಬದಲಿಸಿದರೆ ಈಗಲೂ ಕಟ್ಟಬಹುದು ಎಂದು ಅಲ್ಲಿನ ಮೇಷ್ಟರಿಗೆ ಹೇಳಿಬಂದಿದ್ದೇನೆ.