ಶುಲ್ಕಕ್ಕಿಂತ ಮೊದಲು ಟಿ.ಸಿ. ಕೇಳಿ

ಪೆನುಕೊಂಡದ ಕಿಯಾ ಕಾರ್ಖಾನೆಯಿಂದ ಕಾರು ಹೊರಬಂದದ್ದು 2019ರಲ್ಲಿ. ತಳೇಗಾವ್‌ನ ಜನರಲ್ ಮೋಟಾರ್ಸ್ ಕಾರ್ಖಾನೆಯನ್ನು ಕೊಳ್ಳಲು ಹ್ಯುಂಡೈ ಒಪ್ಪಂದ ಮಾಡಿಕೊಂಡದ್ದು 2023ರಲ್ಲಿ. ಒಂದು ಬೆಂಗಳೂರಿನ ಉತ್ತರಕ್ಕೆ, ಇನ್ನೊಂದು ಪುಣೆಯ ಮಗ್ಗುಲಿಗೆ. ಬೆಂಗಳೂರು–ಪುಣೆ ಹೆದ್ದಾರಿಯ ಮೇಲೆ ಬೆಳಗಾವಿ ಇದೆ. ಎರಕ ಮತ್ತು ಯಂತ್ರಭಾಗಗಳ ಕೆಲಸದಲ್ಲಿ ಇಲ್ಲಿನ ಉದ್ಯಮಬಾಗ, ಮಚ್ಛೆ ಕೈಗಾರಿಕಾ ಪ್ರದೇಶಗಳ ಕೈ ಪಳಗಿದೆ. ಕಿಯಾ, ಹ್ಯುಂಡೈಗಳಿಗೆ ಬಿಡಿಭಾಗ ಒದಗಿಸುವ ಕೊರಿಯಾದ ಒಂದು ಕಂಪನಿ ನಾಳೆ ಇಲ್ಲಿಗೆ ಬಂದರೆ ಅದರ ಎಂಜಿನಿಯರ್ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಜಾಗದ್ದಲ್ಲ, ವಿದ್ಯುತ್ತಿನದ್ದೂ ಅಲ್ಲ. ಮಗು ಎಲ್ಲಿ ಓದಬೇಕು ಎಂಬುದು. ದೊಡ್ಡ ಕಂಪನಿಗಳು ತಮ್ಮವರ ಮಕ್ಕಳ ಶುಲ್ಕವನ್ನು ತಾವೇ ಭರಿಸುವುದುಂಟು. ಸಣ್ಣ ಕಂಪನಿಯ ನೌಕರನಿಗೆ, ಸ್ವಂತ ವ್ಯವಹಾರಕ್ಕೆ ಬಂದವನಿಗೆ ಆ ಆಸರೆ ಇರುವುದಿಲ್ಲ. ಅಂಥವರು ಕೈಗೆಟಕುವ ಅಂತರರಾಷ್ಟ್ರೀಯ ಶಾಲೆ ಎಲ್ಲಿದೆ ಎಂದು ವಿಚಾರಿಸುತ್ತಾರೆ. ವರ್ಷಕ್ಕೆ ಹಲವು ಲಕ್ಷ ತೆರುವ ಬೆಂಗಳೂರಿನ ಶಾಲೆ, ಇಲ್ಲವೇ ಬೆಟ್ಟದ ಮೇಲಿನ ವಸತಿ ಶಾಲೆ ಎಂಬ ಉತ್ತರ ಬರುತ್ತದೆ. ಈ ಸಲಹೆ ಅರ್ಧ ತಪ್ಪು. ಇದಕ್ಕಿಂತ ಒಳ್ಳೆಯ ತಿಳಿವಳಿಕೆ ಬೆಳಗಾವಿ ಪಕ್ಕದ ಸಾಂಬ್ರಾದಲ್ಲೇ ಇದೆ.

ಸಾಂಬ್ರಾದಲ್ಲಿ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆಯಿದೆ. ಅಲ್ಲಿನ ಕುಟುಂಬಗಳು ಕೆಲವು ವರ್ಷಕ್ಕೊಮ್ಮೆ ಊರು ಬಿಡುತ್ತವೆ. ಆದರೂ ಅವರ ಮಕ್ಕಳ ಓದು ತುಂಡಾಗದು. 1963ರಲ್ಲಿ ಶುರುವಾದ ಕೇಂದ್ರೀಯ ವಿದ್ಯಾಲಯಗಳ ವ್ಯವಸ್ಥೆ ಹುಟ್ಟಿದ್ದೇ ಇಂಥ ಮಕ್ಕಳಿಗಾಗಿ. ಪಠ್ಯ ಎಲ್ಲ ಕಡೆ ಒಂದೇ. ತಂದೆ ಅಥವಾ ತಾಯಿಗೆ ವರ್ಗವಾದರೆ ಮಗು ಹೊಸ ಊರಿನ ವಿದ್ಯಾಲಯದಲ್ಲಿ ಅದೇ ತರಗತಿಗೆ ಸೇರುತ್ತದೆ. ಎಂಟನೆಯ ತರಗತಿಯವರೆಗೆ ಬೋಧನಾ ಶುಲ್ಕವಿಲ್ಲ. ವಿದ್ಯಾಲಯ ವಿಕಾಸ ನಿಧಿಗೆ ತಿಂಗಳಿಗೆ 500 ರೂಪಾಯಿ ಕಟ್ಟಬೇಕು. ಕೊರಿಯಾದ ಮಗುವಿಗೆ ಇಲ್ಲಿ ಜಾಗ ಸಿಗುವುದು ಕಷ್ಟ. ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದ ವಿದೇಶಿ ಅಧಿಕಾರಿಗಳ ಮಕ್ಕಳಿಗೆ ಮೊದಲ ಆದ್ಯತೆಯಿದ್ದರೂ, ಖಾಸಗಿ ಉದ್ಯೋಗಕ್ಕೆ ಬಂದವರ ಮಕ್ಕಳಿಗೆ ಕೊನೆಯ ಸಾಲು. ಕಾಯುವ ಪಟ್ಟಿಯಲ್ಲಿ ಭಾರತೀಯ ಮಕ್ಕಳು ಇಲ್ಲದಿದ್ದರೆ ಮಾತ್ರ ಅವರ ಸರದಿ. ಸೀಟು ಸಿಗದಿದ್ದರೂ ಅಳತೆಗೋಲು ಸಿಗುತ್ತದೆ. ಈ ಶಾಲೆಯಿಂದ ಮಗು ಯಾವಾಗ ಹೊರಟರೂ ಮುಂದಿನ ಶಾಲೆಯಲ್ಲಿ ಏನನ್ನೂ ಕಳೆದುಕೊಳ್ಳದೆ ಕೂರಬಹುದೇ? ವರ್ಗಾವಣೆಯ ಬದುಕು ಬಲ್ಲ ತಾಯಿ ಮೊದಲು ಕೇಳುವುದು ಇದನ್ನೇ. ಶುಲ್ಕ, ಕಟ್ಟಡ, ಈಜುಕೊಳದ ಮಾತು ಆಮೇಲೆ.

ಈ ಕೋಲಿನಿಂದ ಅಳೆದರೆ ಲೆಕ್ಕ ಬದಲಾಗುತ್ತದೆ. ಕೊರಿಯಾದಲ್ಲಿ ಶಾಲಾ ವರ್ಷ ಮಾರ್ಚ್‌ನಲ್ಲಿ ಆರಂಭ, ಫೆಬ್ರುವರಿಯಲ್ಲಿ ಮುಕ್ತಾಯ. ನಮ್ಮ ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ. ಬಹುಪಾಲು ಅಂತರರಾಷ್ಟ್ರೀಯ ಶಾಲೆಗಳದ್ದು ಆಗಸ್ಟ್. ಫೆಬ್ರುವರಿಗೆ ನಾಲ್ಕನೆಯ ತರಗತಿ ಮುಗಿಸಿ ಬಂದ ಮಗು ಏಪ್ರಿಲ್‌ನಲ್ಲಿ ಐದನೆಯದಕ್ಕೆ ಸೇರಬಹುದು. ಆಗಸ್ಟ್ ಶಾಲೆಯಾದರೆ ತಿಂಗಳುಗಟ್ಟಲೆ ಮನೆಯಲ್ಲಿ ಕೂರಬೇಕು, ಇಲ್ಲವೇ ಓದಿದ್ದನ್ನೇ ಮತ್ತೆ ಓದಬೇಕು. ಮರಳುವಾಗಲೂ ಅಷ್ಟೆ. ಇಲ್ಲಿ ವಾರ್ಷಿಕ ಪರೀಕ್ಷೆ ಮುಗಿಯುವ ಹೊತ್ತಿಗೇ ಅಲ್ಲಿ ಹೊಸ ವರ್ಷ ತೆರೆದಿರುತ್ತದೆ. ಹಲವು ಲಕ್ಷ ಕೊಟ್ಟರೂ ಕೊಳ್ಳಲಾಗದ ತಿಂಗಳುಗಳಿವು. ಪೋಷಕರ ಉದ್ಯೋಗದ ನಿಮಿತ್ತ ಹೊರದೇಶದಲ್ಲಿ ಓದಿದ ಮಕ್ಕಳಿಗೆ ಕೊರಿಯಾದ ವಿಶ್ವವಿದ್ಯಾಲಯಗಳಲ್ಲಿ ಪ್ರತ್ಯೇಕ ಪ್ರವೇಶದ ದಾರಿಯಿದೆ. ಅದಕ್ಕೆ ಕನಿಷ್ಠ ಮೂರು ವರ್ಷದ ಹೊರದೇಶದ ಓದು ಬೇಕು. ಅದರಲ್ಲಿ ಒಂದು ವರ್ಷವಾದರೂ ಹೈಸ್ಕೂಲಿನದಾಗಿರಬೇಕು. ನಡುವೆ ಖಾಲಿ ಬಿಟ್ಟ ತಿಂಗಳಿಗೆ ಅಲ್ಲಿ ಲೆಕ್ಕ ಒಪ್ಪಿಸಬೇಕಾದೀತು. ಮಗು ಒಂಬತ್ತನೆಯ ತರಗತಿ ದಾಟಿ, ಮೂರನೆಯ ದೇಶದಲ್ಲಿ ಪದವಿ ಓದುವುದು ಖಚಿತವಾಗಿದ್ದರೆ ಕೇಂಬ್ರಿಜ್ ಅಥವಾ ಐಬಿ ಪಠ್ಯಕ್ಕೆ ಹಣ ಹಾಕುವುದರಲ್ಲಿ ಅರ್ಥವಿದೆ. ಎರಡನೆಯ ತರಗತಿಯ ಮಗುವಿಗೆ ಇಲ್ಲ.

ಭಾಷೆಯ ಚಿಂತೆ ನಿಜವಾದದ್ದು. ಕನ್ನಡ ಭಾಷಾ ಕಲಿಕೆ ಕಾಯ್ದೆ 2015ರದ್ದು. ಅದರ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಸಲೇಬೇಕು. ಕೊರಿಯಾದ ಮಗುವಿಗೆ ಇದು ನಾವೆಣಿಸಿದಷ್ಟು ಭಾರವಲ್ಲ. ಕೊರಿಯನ್ ವಾಕ್ಯದಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ, ಪ್ರತ್ಯಯ ನಾಮಪದದ ಬೆನ್ನಿಗೇ ಹತ್ತುತ್ತದೆ. ಏಳು ವರ್ಷದ ಮಗು ಆಟದ ಬಯಲಲ್ಲೇ ಇದನ್ನು ಹಿಡಿದುಕೊಳ್ಳುತ್ತದೆ. ಭಯಪಡಬೇಕಾದ್ದು ಅದರ ಸ್ವಂತ ಭಾಷೆ ಸೊರಗುವುದಕ್ಕೆ. ಇಂಗ್ಲಿಷಿನಲ್ಲೇ ಐದು ವರ್ಷ ಓದಿ ಮರಳಿದ ಮಗು ತನ್ನ ದೇಶದ ಇತಿಹಾಸದ ಪಾಠವನ್ನು ತನ್ನ ಭಾಷೆಯಲ್ಲಿ ಓದಲು ತಡವರಿಸುತ್ತದೆ. ಖಾನಾಪುರ ತಾಲ್ಲೂಕಿನಲ್ಲಿ ಕನ್ನಡ ಶಾಲೆ, ಮರಾಠಿ ಶಾಲೆ ಎರಡನ್ನೂ ಹತ್ತಿರದಿಂದ ಕಂಡ ನಮಗೆ ಈ ಸಂಕಟವನ್ನು ಯಾರೂ ವಿವರಿಸಬೇಕಿಲ್ಲ. ಹೊರದೇಶದಲ್ಲಿರುವ ತನ್ನ ಮಕ್ಕಳಿಗೆ ಕೊರಿಯಾ ಸರ್ಕಾರ ಪಠ್ಯಪುಸ್ತಕ ಕೊಡುತ್ತದೆ. ಹಲವು ನಗರಗಳಲ್ಲಿ ಪಾಲಕರೇ ಸೇರಿ ವಾರಾಂತ್ಯದ ಶಾಲೆ ನಡೆಸುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಯಲ್ಲಿ ಕಲಿಸಬಹುದೆಂದು ಹೆಸರಿಸಿದ ವಿದೇಶಿ ಭಾಷೆಗಳಲ್ಲಿ ಕೊರಿಯನ್ ಕೂಡ ಇದೆ. ಅಂಥ ವಾರಾಂತ್ಯದ ಪಾಠಕ್ಕೆ, ಶನಿವಾರ ಮಧ್ಯಾಹ್ನ ಖಾಲಿ ಬೀಳುವ ಒಂದು ಕೋಣೆಯ ಕೀಲಿಯನ್ನು ಇಲ್ಲಿನ ಶಾಲೆ ಕೊಟ್ಟರೂ ಸಾಕು.

ಬೆಳಗಾವಿಯ ಶಾಲಾ ಆಡಳಿತ ಮಂಡಳಿಗಳು ಮೂರು ಭರವಸೆಗಳನ್ನು ಪ್ರವೇಶದ ದಿನವೇ ಬರೆದುಕೊಡಲಿ. ವರ್ಷದ ನಡುವೆ ಬಂದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳುತ್ತೇವೆ. ಹೊರಟ ಮಗುವಿಗೆ ವಾರದೊಳಗೆ ಟಿ.ಸಿ. ಮತ್ತು ಅಂಕಪಟ್ಟಿ ಕೊಡುತ್ತೇವೆ. ಉಳಿದ ಅವಧಿಯ ಶುಲ್ಕವನ್ನು ಹಿಂದಿರುಗಿಸುತ್ತೇವೆ. ಹೊರದೇಶಕ್ಕೆ ಹೊರಟವರಿಗೆ ಆ ಕಾಗದಗಳ ಮೇಲೆ ಅಪೋಸ್ಟಿಲ್ ಮುದ್ರೆಯೂ ಬೇಕಾಗುತ್ತದೆ. ಆ ಮುದ್ರೆಯಿರುವ ದಾಖಲೆಗಳನ್ನು ಪರಸ್ಪರ ಮಾನ್ಯ ಮಾಡುವ ದೇಶಗಳ ಒಪ್ಪಂದದಲ್ಲಿ ಭಾರತ, ಕೊರಿಯಾ ಎರಡೂ ಇವೆ. ಆದರೆ ಮುದ್ರೆ ಬೀಳಬೇಕಾದರೆ ಮೊದಲು ಶಾಲೆಯ ಕಾಗದ ಕೈಗೆ ಬರಬೇಕು. ಹೂಡಿಕೆದಾರರಿಗೆ ಜಾಗ, ನೀರು, ವಿದ್ಯುತ್ತಿನ ವಿವರ ಕೊಡುವ ಜಿಲ್ಲಾಡಳಿತ ಇಂಥ ಭರವಸೆ ಕೊಟ್ಟ ಶಾಲೆಗಳ ಪಟ್ಟಿಯನ್ನೂ ಅದರ ಜೊತೆಗೇ ಕೊಡಲಿ. ಕೊರಿಯಾದವರು ಬಂದಾಗ ಬರಲಿ. ವರ್ಗವಾಗಿ ಬರುವ ಬ್ಯಾಂಕ್ ನೌಕರನ ಮಗು, ಗುತ್ತಿಗೆ ಕೆಲಸಕ್ಕೆ ಊರೂರು ಸುತ್ತುವ ಮೇಸ್ತ್ರಿಯ ಮಗು ಈ ಏಪ್ರಿಲ್‌ನಲ್ಲೇ ಇಲ್ಲಿ ಶಾಲೆ ಹುಡುಕಬೇಕಾಗಿದೆ.