ತೇರು ತಿರುಗುವ ಬೀದಿಗೆ ಯಾರು ಕೊಟ್ಟ ನಕ್ಷೆ?

ಚೈತ್ರಮಾಸದಲ್ಲಿ ಬೇಲೂರಿನ ಚೆನ್ನಕೇಶವನ ತೇರು ಬೀದಿಗಿಳಿಯುತ್ತದೆ. ಬೇಲೂರಿನಲ್ಲಿ ಮಾತ್ರವೇ ಅಲ್ಲ, ಮಲೆನಾಡಿನ ಯಾವ ರಥಬೀದಿಯಲ್ಲಿ ಮನೆ ಕಟ್ಟಿದವರಿಗೂ ಒಂದು ನಿಯಮ ತಲೆತಲಾಂತರದಿಂದ ತಿಳಿದಿತ್ತು: ಜಗುಲಿ ಇಷ್ಟೇ ಮುಂದೆ ಬರಬೇಕು, ಸೂರು ಇಷ್ಟೇ ಚಾಚಬೇಕು, ಅದಕ್ಕೆ ಮೀರಿದರೆ ತೇರು ತಿರುಗುವುದಿಲ್ಲ. ಈ ನಿಯಮವನ್ನು ಯಾವ ಇಲಾಖೆಯೂ ಬರೆದುಕೊಟ್ಟಿರಲಿಲ್ಲ. ವರ್ಷಕ್ಕೊಮ್ಮೆ ಊರೆಲ್ಲರ ಕಣ್ಣೆದುರಿಗೆ ತೇರೇ ಬಂದು ಪ್ರತಿಯೊಂದು ಮನೆಯನ್ನೂ ತಪಾಸಣೆ ಮಾಡಿ ಹೋಗುತ್ತಿತ್ತು.

ಇಂದು ಅದೇ ಬೀದಿಯ ಕಟ್ಟಡಕ್ಕೆ ಕಚೇರಿಯ ಮೇಜಿನ ಮೇಲೆ ಮುದ್ರೆ ಬೀಳುತ್ತದೆ. ನಿವೇಶನದ ಅಳತೆ ಸರಿಯಿದೆಯೇ, ಸುತ್ತ ಬಿಡಬೇಕಾದ ಜಾಗ ಬಿಟ್ಟಿದೆಯೇ, ಶುಲ್ಕ ಸಂದಾಯವಾಗಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಸಾಕು, ಪರವಾನಗಿ ಸಿದ್ಧ. ಈ ಕಟ್ಟಡ ಈ ಬೀದಿಗೆ ಹೊಂದುತ್ತದೆಯೇ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವವರಿಲ್ಲ. ಕೇಳಿದವರನ್ನು ‘ಅಭಿವೃದ್ಧಿ ವಿರೋಧಿ’ ಎಂದು ಕರೆಯುವ ಪದ್ಧತಿ ಮಾತ್ರ ಚೆನ್ನಾಗಿ ಬೇರೂರಿದೆ. ಈ ನಾಲ್ಕನೆಯ ಪ್ರಶ್ನೆಯನ್ನು ಕೇಳುವ ಹಕ್ಕು ಊರಿನದು; ಅದನ್ನು ಊರು ಮರಳಿ ಪಡೆಯಬೇಕು ಎಂಬುದೇ ಈ ಬರಹದ ವಾದ.

ಕಾನೂನು ಏನು ಹೇಳುತ್ತದೆ?

ಕಾನೂನು ಇಲ್ಲವೆಂದಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಕೇಂದ್ರ ಸರಕಾರದ ಸಂರಕ್ಷಣೆಯಲ್ಲಿರುವ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ಇದ್ದ ಮನೆಯ ರಿಪೇರಿಗೂ ಅನುಮತಿ ಬೇಕು. ಎರಡನೆಯದರಲ್ಲಿ ಅನುಮತಿ ಪಡೆದು ಕಟ್ಟಬಹುದು. ಮಲೆನಾಡಿನ ಇಕ್ಕೇರಿ, ಬನವಾಸಿಗಳಿಗೂ, ಬಯಲಿನ ಹಂಪಿಗೂ ಇದೇ ಅಳತೆಗೋಲು.

ಆದರೆ ವೃತ್ತವೆಂಬುದು ಕಾಗದದ ಮೇಲಿನ ಗೆರೆ. ಅದಕ್ಕೆ ಏರು ತಿಳಿಯದು, ಇಳಿಜಾರು ತಿಳಿಯದು, ಕೆರೆಗೆ ನೀರು ಹರಿದು ಬರುವ ದಾರಿ ತಿಳಿಯದು. ಬಯಲಿನಲ್ಲಿ 300 ಮೀಟರ್ ಎಂದರೆ ಸಾಕಷ್ಟು ದೂರ. ಗುಡ್ಡದ ಊರಿನಲ್ಲಿ 400 ಮೀಟರ್ ಆಚೆಯ ದಿಬ್ಬದ ಮೇಲೆ ನಿಂತ ಐದು ಅಂತಸ್ತಿನ ವಸತಿಗೃಹ ಗುಡಿಯ ಹಿಂದಿನ ಆಕಾಶವನ್ನೇ ನುಂಗುತ್ತದೆ. ಕಾನೂನಿನ ಕಣ್ಣಿಗೆ ಅದು ಬೀಳುವುದೇ ಇಲ್ಲ. ಇತ್ತ ಗುಡಿಯಿಂದ 90 ಮೀಟರ್ ದೂರದಲ್ಲಿ, ಎಲ್ಲಿಂದಲೂ ಕಾಣಿಸದ ಓಣಿಯೊಳಗೆ, ಮಗನ ಮದುವೆಗೆಂದು ಒಂದು ಕೋಣೆ ಹೆಚ್ಚಿಸಲು ಹೊರಟ ಬಡವ ತಪ್ಪಿತಸ್ಥನಾಗುತ್ತಾನೆ.

ಕಾಯ್ದೆಯನ್ನು ರಚಿಸಿದವರಿಗೂ ಈ ಕೊರತೆ ಗೊತ್ತಿತ್ತೆಂದು ತೋರುತ್ತದೆ. ಆದ್ದರಿಂದಲೇ ಪ್ರತಿಯೊಂದು ಸ್ಮಾರಕಕ್ಕೂ ಪ್ರತ್ಯೇಕ ಪಾರಂಪರಿಕ ಉಪವಿಧಿಗಳನ್ನು ರಚಿಸಬೇಕೆಂದು 2010ರ ತಿದ್ದುಪಡಿ ವಿಧಿಸಿತು. ಕಟ್ಟಡದ ಎತ್ತರ, ಮುಂಭಾಗದ ರೂಪ, ಚರಂಡಿ, ರಸ್ತೆ, ವಿದ್ಯುತ್ ಕಂಬ, ನೀರಿನ ಕೊಳವೆ, ಎಲ್ಲವೂ ಆ ಉಪವಿಧಿಗಳ ವ್ಯಾಪ್ತಿಗೆ ಬರುತ್ತವೆ. ಕಂಬ ಮತ್ತು ಚರಂಡಿಯ ಹೆಸರನ್ನು ಕಾಯ್ದೆಯೇ ಹಿಡಿದು ಹೇಳಿದೆ ಎಂಬುದನ್ನು ಓದುಗರು ಗಮನಿಸಬೇಕು. ಪರಂಪರೆಯೆಂದರೆ ಗುಡಿಯ ಗೋಡೆಯ ಶಿಲ್ಪ ಮಾತ್ರವಲ್ಲ, ಅದರ ಸುತ್ತಲಿನ ಊರಿನ ಬದುಕೂ ಹೌದು ಎಂದು ಶಾಸನವೇ ಒಪ್ಪಿದೆ. ಈ ಉಪವಿಧಿಗಳ ಕರಡು ಪ್ರಕಟವಾದಾಗ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು. ಆದರೆ ಹಳ್ಳಿಯ ಪಂಚಾಯಿತಿ ಕಟ್ಟೆಯ ಮೇಲೆ, ಕನ್ನಡದಲ್ಲಿ, ಅಂಥ ಕರಡೊಂದನ್ನು ನಮ್ಮಲ್ಲಿ ಎಷ್ಟು ಜನ ಕಂಡಿದ್ದೇವೆ?

ಹೊಂದಾಣಿಕೆ ಎಂದರೆ ಅನುಕರಣೆಯಲ್ಲ

ಇಲ್ಲಿ ಒಂದು ಅಪಾಯದ ಬಗ್ಗೆ ಎಚ್ಚರ ಬೇಕು. ‘ಪಾರಂಪರಿಕ ಶೈಲಿ’ ಎಂದೊಡನೆ ಗುತ್ತಿಗೆದಾರರ ಮನಸ್ಸಿನಲ್ಲಿ ಮೂಡುವ ಚಿತ್ರ ಒಂದೇ: ಸಿಮೆಂಟಿನ ಕಂಬಕ್ಕೆ ಹೊಯ್ಸಳರ ಅಚ್ಚು, ಕಾಂಕ್ರೀಟಿನ ಕಮಾನಿಗೆ ಶಿಲಾಬಾಲಿಕೆಯ ಗೊಂಬೆ, ಮೇಲೆ ಚಿನ್ನದ ಬಣ್ಣ. ಬಳಪದ ಕಲ್ಲಿನಲ್ಲಿ ಉಳಿಯಿಂದ ಬಿಡಿಸಿದ ಕೆಲಸವನ್ನು ಅಚ್ಚಿನಲ್ಲಿ ಎರಕ ಹೊಯ್ದು ಮಾಡುವುದು ಗೌರವವಲ್ಲ, ಅಣಕ. ನೂರು ವರ್ಷಗಳ ಬಳಿಕ ನೋಡುವವನಿಗೆ ಯಾವುದು ಅಸಲು, ಯಾವುದು ನಕಲು ಎಂದು ತಿಳಿಯದಂತೆ ಮಾಡುವ ವಂಚನೆಯೂ ಹೌದು. ಜೀರ್ಣೋದ್ಧಾರದ ವೇಳೆ ಹೊಸದಾಗಿ ಸೇರಿಸಿದ ಭಾಗ ತನ್ನ ಕಾಲದ ಗುರುತನ್ನು ಹೊತ್ತಿರಬೇಕೆಂದು 1964ರ ವೆನಿಸ್ ಸನ್ನದು ಹೇಳಿದ್ದು ಇದೇ ಕಾರಣಕ್ಕೆ.

ಬೇಲೂರೇ ಇದಕ್ಕೆ ಸಾಕ್ಷಿ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಈ ಗುಡಿಯ ಮಹಾದ್ವಾರದ ಗೋಪುರವನ್ನು 1397ರಲ್ಲಿ ಮತ್ತೆ ಕಟ್ಟಿಸಿದವನು ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡ. ಅವನು ಹೊಯ್ಸಳರನ್ನು ಅನುಕರಿಸಲಿಲ್ಲ. ತನ್ನ ಕಾಲದ ಗೋಪುರವನ್ನೇ ಕಟ್ಟಿಸಿದನು. ಅದು ಗುಡಿಗಿಂತ ಎತ್ತರವಾಗಿಯೂ ಪರಕೀಯವಾಗಲಿಲ್ಲ. ಏಕೆಂದರೆ ಅದು ನಿಂತದ್ದು ಬಾಗಿಲಾಗಿ, ಅಡ್ಡಗೋಡೆಯಾಗಿ ಅಲ್ಲ.

ನಮ್ಮ ಮನೆಗಳ ಮಾತಿಗೆ ಬರೋಣ. ಮಲೆನಾಡಿನ ಸನಾತನ ಗುರುತೆಂದು ನಾವು ಹೊಗಳುವ ಕೆಂಪು ಮಂಗಳೂರು ಹೆಂಚು ಕೂಡ ಒಮ್ಮೆ ಹೊಸದೇ ಆಗಿತ್ತು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೆ ಮೊದಲು ನಮ್ಮ ಹಿರಿಯರ ಮಾಡುಗಳ ಮೇಲಿದ್ದದ್ದು ಹುಲ್ಲು, ಅಡಿಕೆಯ ಸೋಗೆ, ಕುಂಬಾರನ ಕೈಹೆಂಚು. ಯಂತ್ರದಲ್ಲಿ ಅಚ್ಚಾದ, ಪರದೇಶದವರು ತಂದ ಆ ಹೆಂಚನ್ನು ಮಲೆನಾಡು ಒಪ್ಪಿಕೊಂಡಿತು. ಕಾರಣ ಸರಳ: ಅದು ಮಾಡಿನ ಇಳಿಜಾರನ್ನು ಕೆಡಿಸಲಿಲ್ಲ, ಮಳೆಯೊಡನೆ ಜಗಳಕ್ಕೆ ನಿಲ್ಲಲಿಲ್ಲ, ನೆರೆಮನೆಯ ಸೂರಿನ ಸಾಲಿನಿಂದ ಹೊರಗೆ ಹಾರಲಿಲ್ಲ. ಹೊಸದನ್ನು ಹಿರಿಯರು ವಿರೋಧಿಸಲಿಲ್ಲ, ಪರೀಕ್ಷಿಸಿದರು.

ಅದೇ ಪರೀಕ್ಷೆಯಲ್ಲಿ ಸಪಾಟು ತಾರಸಿ ಸೋತಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅಂಥ ಸೀಮೆಯಲ್ಲಿ ಲಕ್ಷಾಂತರ ರೂಪಾಯಿ ಸಾಲ ಮಾಡಿ ತಾರಸಿ ಹಾಕಿಸಿದವರು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಮೇಲೊಂದು ತಗಡಿನ ಮಾಡು ಹೊದಿಸುತ್ತಾರೆ. ಒಂದು ಮನೆಗೆ ಎರಡು ಮಾಡಿನ ಖರ್ಚು! ನಕ್ಷೆಯನ್ನು ಮಂಜೂರು ಮಾಡಿದವರು ಮಳೆಯ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಈ ಸಾಲ ಉಳಿಯುತ್ತಿತ್ತು.

ಐದು ಪ್ರಶ್ನೆಗಳು

ಹಾಗಾದರೆ ಹಳೆಯ ಬೀದಿಯಲ್ಲಿ ಹೊಸ ಕಟ್ಟಡದ ನಕ್ಷೆ ಬಂದಾಗ ಏನನ್ನು ಕೇಳಬೇಕು?

ಒಂದು, ನೆಲ. ಕಟ್ಟಡ ಇಳಿಜಾರನ್ನು ಅನುಸರಿಸಿ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುತ್ತದೆಯೋ ಅಥವಾ ಗುಡ್ಡದ ಬುಡವನ್ನು ಜೆಸಿಬಿಯಿಂದ ಕಡಿದು ಕೂರುತ್ತದೆಯೋ? 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಇಳಿಜಾರನ್ನು ಕಡಿದದ್ದೂ ಕಾರಣಗಳಲ್ಲೊಂದೆಂದು ಭೂವಿಜ್ಞಾನಿಗಳು ಗುರುತಿಸಿದರು.

ಎರಡು, ನೀರು. ಈ ಮಾಡಿನ ನೀರು ಎಲ್ಲಿಗೆ ಹೋಗುತ್ತದೆ? ಹಳೇಬೀಡಿನ ಪುರಾತನ ಹೆಸರು ದೋರಸಮುದ್ರ. ರಾಜಧಾನಿಯೇ ಕೆರೆಯ ಹೆಸರನ್ನು ಹೊತ್ತಿತ್ತು. ಅಂಥ ಊರುಗಳಲ್ಲಿ ಕೆರೆಯ ಕಾಲುವೆಯ ಮೇಲೆ ಚಪ್ಪಡಿ ಮುಚ್ಚಿ ಅಂಗಡಿ ಕಟ್ಟುವುದು ಗುಡಿಯ ಕಲ್ಲನ್ನು ಕೀಳುವುದಕ್ಕಿಂತ ಸಣ್ಣ ಅಪರಾಧವಲ್ಲ.

ಮೂರು, ಅಳತೆ. ಅಕ್ಕಪಕ್ಕದ ಸೂರಿನ ಸಾಲಿಗಿಂತ ಎಷ್ಟು ಎತ್ತರ? ಬೀದಿಯ ತುದಿಯಲ್ಲಿ, ಕೆರೆಯ ಏರಿಯ ಮೇಲೆ ನಿಂತು ನೋಡಿದರೆ ಏನು ಮರೆಯಾಗುತ್ತದೆ?

ನಾಲ್ಕು, ಮಳೆ ಮತ್ತು ನೆರಳು. ಗೋಡೆ ನೆನೆಯದಂತೆ ಸೂರು ಚಾಚಿದೆಯೇ? ದಾರಿಹೋಕ ಒಂದು ಗಳಿಗೆ ನಿಲ್ಲಲು ಜಗುಲಿಯುಂಟೇ?

ಐದು, ಬಳಕೆ. ಇದು ಯಾರಿಗಾಗಿ? ಹೊರಗೆ ಹೆಂಚು ಹೊದಿಸಿದ ಮಾತ್ರಕ್ಕೆ 40 ಕೋಣೆಗಳ ರೆಸಾರ್ಟ್ ಮನೆಯಾಗುವುದಿಲ್ಲ. ಅದರ ಕೊಳವೆಬಾವಿ, ಕೊಳಚೆ, ವಾಹನಗಳ ಸಾಲು ಯಾವ ಚಿತ್ರದಲ್ಲೂ ಕಾಣಿಸುವುದಿಲ್ಲ. ಕಾಣಿಸುವುದು ಊರಿನ ಬಾವಿ ಬತ್ತಿದಾಗ.

ಈ ಪಟ್ಟಿಯಲ್ಲಿ ಅಲಂಕಾರದ ಮಾತಿಲ್ಲ. ಈ ಐದಕ್ಕೂ ಸರಿಯಾದ ಉತ್ತರ ಕೊಟ್ಟ ಕಟ್ಟಡ ಇಂದಿನ ಕಾಲದ್ದಾಗಿ ಕಂಡರೆ ತಪ್ಪೇನೂ ಇಲ್ಲ.

ಹಂಪಿ ಕಲಿಸಿದ ಎರಡು ಪಾಠಗಳು

ಸರಿಯಾದ ಪ್ರಶ್ನೆಯನ್ನು ಸರಿಯಾದ ಸಮಯದಲ್ಲಿ ಕೇಳದಿದ್ದರೆ ಏನಾಗುತ್ತದೆಂದು ಹಂಪಿ ತೋರಿಸಿದೆ. ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದ ಆನೆಗೊಂದಿಯವರಿಗೆ ಸೇತುವೆ ನಿಜಕ್ಕೂ ಬೇಕಿತ್ತು. ಆದರೆ ಎಲ್ಲಿ, ಎಷ್ಟು ದೊಡ್ಡದು ಎಂಬ ಚರ್ಚೆಯಾಗುವ ಮೊದಲೇ ಕಾಮಗಾರಿ ಆರಂಭವಾಯಿತು. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. 2006ರವರೆಗೂ ಆ ಕಳಂಕ ಉಳಿಯಿತು. ವರ್ಷಗಟ್ಟಲೆ ನಿಂತು, ಮತ್ತೆ ಆರಂಭವಾದ ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಪ್ರಾಣ ತೆತ್ತರು. ಬಳಿಕ ಬುಕ್ಕಸಾಗರ–ಕಡೇಬಾಗಿಲುಗಳ ನಡುವೆ ಬೇರೊಂದು ಸೇತುವೆ ಬಂದಿತು. ಜಾಗದ ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ಆನೆಗೊಂದಿಯವರು ಅಷ್ಟು ಕಾಲ ಕಾಯಬೇಕಿರಲಿಲ್ಲ.

ಎರಡನೆಯ ಪಾಠ ಇನ್ನೂ ಕಹಿಯಾದದ್ದು. 2011ರ ಜುಲೈಯಲ್ಲಿ ಹಂಪಿಯ ಬಜಾರಿನ ಕಲ್ಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರ ಮನೆ, ಅಂಗಡಿಗಳನ್ನು ಯಂತ್ರಗಳು ನೆಲಸಮ ಮಾಡಿದವು. ಪರಂಪರೆಯ ಹೆಸರಿನಲ್ಲಿಯೇ ಜನರನ್ನು ಹೊರದಬ್ಬಲಾಯಿತು. ಒಮ್ಮೆ ‘ಅಭಿವೃದ್ಧಿ’ಯ ಹೆಸರಿನಲ್ಲಿ, ಮತ್ತೊಮ್ಮೆ ‘ಸಂರಕ್ಷಣೆ’ಯ ಹೆಸರಿನಲ್ಲಿ, ಎರಡು ಸಲವೂ ಸ್ಥಳೀಯರ ಮಾತು ಕೊನೆಯಲ್ಲಿತ್ತು. ನಾವು ಕೇಳುತ್ತಿರುವ ಪರಿಶೀಲನೆ ಇನ್ನೊಂದು ಇಲಾಖೆಯ ಕೈಯ ದೊಣ್ಣೆಯಾಗಬಾರದು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷದ ಸಂಗತಿಯೇ. ಆದರೆ ಪಟ್ಟಿಯ ಹಿಂದೆಯೇ ಪ್ರವಾಸಿಗರು, ಪ್ರವಾಸಿಗರ ಹಿಂದೆಯೇ ವಸತಿಗೃಹಗಳು, ವಾಹನ ನಿಲ್ದಾಣಗಳು ಬರುತ್ತವೆ. ಹಂಪಿಯ ಪಾಠವನ್ನು ಬೇಲೂರು ಮತ್ತೆ ಮೊದಲಿನಿಂದ ಕಲಿಯಬೇಕೇ?

ಮೊದಲು ಸರಕಾರ, ಆಮೇಲೆ ಪ್ರಜೆ

ಹಳೆಯ ಬೀದಿಯನ್ನು ಕೆಡಿಸುವವರು ಬಡವರೆಂಬುದು ಸುಳ್ಳು. ಯಾವ ಪುಣ್ಯಕ್ಷೇತ್ರಕ್ಕಾದರೂ ಹೋಗಿ ನೋಡಿ: ಸಾಲನ್ನು ಮುರಿದು ನಿಂತಿರುವುದು ಬಹುಪಾಲು ಸರಕಾರಿ ಯಾತ್ರಿನಿವಾಸ, ಸ್ವಾಗತ ಕಮಾನು, ವಾಣಿಜ್ಯ ಸಂಕೀರ್ಣ, ಎತ್ತರದ ದೀಪಸ್ತಂಭ. ನಿಷೇಧಿತ ಪ್ರದೇಶದಲ್ಲಿ ಕೇಂದ್ರ ಸರಕಾರದ ಸಾರ್ವಜನಿಕ ಕಾಮಗಾರಿಗಳಿಗೆ ಅವಕಾಶ ನೀಡುವ ತಿದ್ದುಪಡಿ ಮಸೂದೆಯನ್ನು ಲೋಕಸಭೆ 2018ರ ಜನವರಿಯಲ್ಲಿ ಅಂಗೀಕರಿಸಿತು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸಿತು. ಪ್ರಜೆಯ ಕೋಣೆಗೆ ನಿಷೇಧ, ಸರಕಾರದ ಕಾಮಗಾರಿಗೆ ವಿನಾಯಿತಿ! ಇದು ಯಾವ ನ್ಯಾಯ?

‘ನಾವು ವಸ್ತುಸಂಗ್ರಹಾಲಯದಲ್ಲಿ ಬದುಕಬೇಕೇ?’ ಎಂದು ಕೆಲವು ಬಂಧುಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬೇಡ. ಶೌಚಾಲಯ ಬೇಕು, ಗಾಳಿ ಬೆಳಕಿನ ಅಡುಗೆಮನೆ ಬೇಕು, ಮಕ್ಕಳಿಗೆ ಓದುವ ಕೋಣೆ ಬೇಕು. ಇವುಗಳಲ್ಲಿ ಯಾವುದಕ್ಕೂ ಬೀದಿಯ ಸಾಲನ್ನು ಮುರಿಯುವ ಅಗತ್ಯವಿಲ್ಲ. ಹಳೆಯ ಮಾಡನ್ನು ಉಳಿಸಿಕೊಳ್ಳುವುದು ಊರಿಗೆಲ್ಲ ಲಾಭವೆಂದಾದರೆ ಅದರ ವೆಚ್ಚವೂ ಊರಿನದಾಗಬೇಕು. ಪ್ರವಾಸಿಗರಿಂದ ಬರುವ ಶುಲ್ಕದ ಒಂದು ಪಾಲು ಹೆಂಚು, ಪಕಾಸಿ, ಬಡಗಿಯ ಕೂಲಿಗೆ ಸಲ್ಲಬೇಕು.

ನಾವೇನು ಮಾಡೋಣ?

ಸ್ವಿಟ್ಜರ್ಲೆಂಡಿನ ಹಲವೆಡೆ ಹೊಸ ಕಟ್ಟಡಕ್ಕೆ ಪರವಾನಗಿ ಕೊಡುವ ಮೊದಲು ಅದರ ನಿಜವಾದ ಎತ್ತರ, ಅಗಲಗಳನ್ನು ತೋರಿಸುವ ಕೋಲುಗಳನ್ನು ನಿವೇಶನದಲ್ಲಿ ನೆಡಲೇಬೇಕು. ನಕ್ಷೆ ಓದಲು ಬಾರದವರೂ ನಿಂತು ನೋಡಿ ಆಕ್ಷೇಪಿಸಬಹುದು. ನಮ್ಮಲ್ಲಿ ಬಿದಿರಿಗೆ ಬರವೇ? ಅಡಿಕೆ ದಬ್ಬೆಗೆ ಬರವೇ? ಸೂರಿನ ಎತ್ತರಕ್ಕೆ ಒಂದು ಹಗ್ಗ ಕಟ್ಟಿ ಮೂವತ್ತು ದಿನ ಬಿಡಲಿ, ಊರು ನೋಡಲಿ. ಜೊತೆಗೆ ನಕ್ಷೆ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಇರಲಿ. ಅದನ್ನು ಪರಿಶೀಲಿಸುವ ಸಮಿತಿಯಲ್ಲಿ ವಾಸ್ತುತಜ್ಞರ ಜೊತೆಗೆ ಗಾರೆ ಕೆಲಸದವನೂ ಬಡಗಿಯೂ ಬೀದಿಯ ಹೆಣ್ಣುಮಕ್ಕಳೂ ಇರಲಿ. ಒಪ್ಪಿಗೆಯಾಗಲಿ, ನಿರಾಕರಣೆಯಾಗಲಿ, ಕಾರಣವನ್ನು ಬರೆದು ಕೊಡಲಿ. ಮೊದಲ ಹಗ್ಗ ಸರಕಾರಿ ಕಟ್ಟಡದ ನಿವೇಶನದಲ್ಲಿಯೇ ಏರಲಿ.

ವಿದ್ಯಾರ್ಥಿ ಮಿತ್ರರೇ, ಈ ಬೇಸಿಗೆ ರಜೆಯಲ್ಲಿ ನಿಮ್ಮೂರಿನ ಹಳೆಯ ಬೀದಿಯನ್ನು ಅಳೆಯಿರಿ. ಪ್ರತಿ ಮನೆಯ ಸೂರಿನ ಎತ್ತರ, ಜಗುಲಿಯ ಅಗಲ, ಮಾಡಿನ ಇಳಿಜಾರು, ಮಳೆನೀರು ಹರಿಯುವ ದಿಕ್ಕು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತಿಸಿ. ಹಿರಿಯರೇ, ಆ ದಾಖಲೆಯನ್ನು ಗ್ರಾಮಸಭೆಯ ಮುಂದಿಟ್ಟು ನಡಾವಳಿಯಲ್ಲಿ ಸೇರಿಸಿರಿ. ನಿಮ್ಮ ಸ್ಮಾರಕದ ಉಪವಿಧಿಗಳ ಕರಡು ಎಲ್ಲಿದೆಯೆಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿರಿ. ಅಳತೆ ನಮ್ಮ ಕೈಯಲ್ಲಿಲ್ಲದಿದ್ದರೆ ಆಕ್ಷೇಪಣೆಗೆ ಬಲವಿರದು.

ತೇರಿನ ದಿನ ಹಗ್ಗ ಹಿಡಿಯಲು ಊರೆಲ್ಲ ಬರುತ್ತದೆ. ಉಳಿದ ದಿನಗಳಲ್ಲಿ ಬೀದಿಯನ್ನು ಕಾಯುವ ಹಗ್ಗವನ್ನು ಮಾತ್ರ ನಾವು ಕಚೇರಿಗಳ ಕೈಗೆ ಕೊಟ್ಟು ಕುಳಿತಿದ್ದೇವೆ. ಅದನ್ನು ಮರಳಿ ಹಿಡಿಯೋಣ.